ಪಲಾವರ್ ಇಲ್ಲದ ಬೀಗತನ

“ಇವತ್ತಿನಿಂದ ಈ ಮನ್ಯಾಗ ಪಲಾವರ್ ಬಂದ್.”

ಆದವಾನಿಯ ಹತ್ತಿ ದಲಾಲಿ ಮರಿಬಸಪ್ಪ ಪಡಸಾಲೆಯ ನಟ್ಟನಡುವೆ ನಿಂತು, ವೈಸರಾಯ ಸಾಹೇಬರೇ ದಿಲ್ಲಿಯಿಂದ ಹುಕುಂ ಹೊರಡಿಸಿದ ಠೀವಿಯಲ್ಲಿ ಹೀಗೆ ಸಾರಿದ. ಹುಕುಂ ಕೇಳಲು ಇದ್ದ ಪ್ರಜೆಗಳು ಇಬ್ಬರು. ಮಗಳು ಪಂಪಮ್ಮ ರಂಗೋಲಿ ಬಟ್ಟಲು ಹಿಡಿದು ಹೊಸ್ತಿಲ ಬಳಿ ನಿಂತಿದ್ದಳು. ಹೆಂಡತಿ ಗುರುಶಾಂತಮ್ಮ ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು.

“ಈ ಮನ್ಯಾಗ ಪಲಾವು ಯಾವಾಗ ಮಾಡಿದ್ವಿ, ಬಂದ್ ಮಾಡಾಕ?”

“ಪಲಾವು ಅಲ್ಲ, ಪಲಾವರ್. ಇಂಗ್ಲೀಷ್ ಮಾತದು.”

“ಅರ್ಥ ಏನಂತ?”

“ರಾದ್ಧಾಂತ. ಒಂದು ಬೆಲ್ಲದ ಚೂರಿಗೆ ಊರು ಕೂಡಿಸೋದು. ನೀನು ದಿನಾ ಮಾಡ್ತೀಯಲ್ಲ, ಅದು.”

ಗುರುಶಾಂತಮ್ಮನ ಕೈಯಲ್ಲಿದ್ದ ಮೆಣಸಿನಕಾಯಿ ತೊಟ್ಟಿನ ಸಮೇತ ನಡುಮುರಿಯಿತು. ಆದರೆ ಅವಳು ಮಾತಾಡಲಿಲ್ಲ. ಅದನ್ನು ಮರಿಬಸಪ್ಪ ತನ್ನ ಮೊದಲ ಜಯವೆಂದೇ ಲೆಕ್ಕ ಹಾಕಿದ.

ಈ ಮಾತು ಅವನ ಕಿವಿಗೆ ಬಿದ್ದದ್ದು ಹತ್ತಿ ಕಂಪನಿಯ ದೊರೆಯಿಂದ. ಸುಗ್ಗಿಯಲ್ಲಿ ಮುಂಬಯಿಯಿಂದ ಖರೀದಿಗೆ ಬರುವ ಆ ದೊರೆ ಒಂದು ಮಧ್ಯಾಹ್ನ ಹತ್ತಿಯ ನಮೂನೆ ನೋಡಲೆಂದು ಮರಿಬಸಪ್ಪನ ಅಂಗಡಿಗೆ ಬಂದಿದ್ದ. ಅಂಗಡಿಯ ಹಿಂದೆಯೇ ಮನೆ. ಅವತ್ತು ಮನೆಯಲ್ಲಿ ಪಂಪಮ್ಮನನ್ನು ನೋಡಲು ಬಂದ ಎರಡನೆಯ ಸಂಬಂಧದವರಿದ್ದರು. ಮೊದಲನೆಯ ಸಂಬಂಧ, ಮದುವೆ ಊಟದ ಹೋಳಿಗೆಗೆ ತುಪ್ಪ ಬಡಿಸಬೇಕೋ ಹಾಲು ಬಡಿಸಬೇಕೋ ಎಂಬಲ್ಲಿ ಹರಿದು ಹೋಗಿತ್ತು. ಎರಡನೆಯದು ಆ ಗಳಿಗೆಯಲ್ಲೇ ಹರಿಯುತ್ತಿತ್ತು. “ಹುಡುಗನ ಮೂಗು ಥೇಟ್ ಅವನ ಸ್ವಾದರಮಾವನ ಮೂಗು ನೋಡ್ರಿ. ಆ ಮಾವ ಎಲ್ಡು ಸಲ ಹೆಂಡ್ತಿ ಬಿಟ್ಟು ಓಡಿ ಹೋಗ್ಯಾನ” ಎಂದು ಗುರುಶಾಂತಮ್ಮ ಸಹಜವಾಗಿ ಒಂದು ಮಾತು ಆಡಿದ್ದಳು. ಮುಂದಿನದೆಲ್ಲ ಬೀದಿಗೆ ಕೇಳಿಸಿತು. ದೊರೆ ತಲೆಯ ಮೇಲಿನ ಟೋಪಿ ತೆಗೆದು, ಹಿಂಬಾಗಿಲ ಕಡೆ ಕಿವಿಕೊಟ್ಟು, “ವಾಟ್ ಎ ಪಲಾವರ್, ಬಸಪ್ಪಾ!” ಎಂದು ನಕ್ಕ.

ಮರಿಬಸಪ್ಪ ನಾಲ್ಕನೇ ಫಾರಂ ತನಕ ಇಂಗ್ಲೀಷ್ ಓದಿದವನು. “ಯಸ್ ಸಾರ್, ಪಲಾವರ್ ಸಾರ್” ಎಂದು ತಾನೂ ನಕ್ಕ. ನಕ್ಕ ಮೇಲೆ, ತಾನು ಯಾವುದಕ್ಕೆ ಹೌದೆಂದೆ ಎಂಬುದೇ ತನಗೆ ತಿಳಿಯದೆಂದು ಹೊಳೆಯಿತು. ದೊರೆಯ ಮೂಗಿನ ಹೊಳ್ಳೆ ಅರಳಿದ ರೀತಿ ನೋಡಿದರೆ ಅದು ಹೊಗಳಿಕೆಯಂತೂ ಆಗಿರಲಿಲ್ಲ. ಹತ್ತು ದಿನ ಕಳೆದು, ಮೂರನೆಯ ಸಂಬಂಧದ ಸುದ್ದಿ ಬಂದ ಸಂಜೆ ತಡೆಯಲಾರದೆ, ಹೈಸ್ಕೂಲಿನಲ್ಲಿ ತನಗೆ ಇಂಗ್ಲೀಷ್ ಕಲಿಸಿ ಈಗ ಪೆನ್ಶನ್ ಮೇಲಿದ್ದ ನರಸಣ್ಣ ಮೇಷ್ಟ್ರ ಮನೆಗೆ ಹೋದ.

ಮೇಷ್ಟ್ರು ನಶ್ಯ ಏರಿಸಿ, ಸೀನಿ, ಕಣ್ಣೊರೆಸಿಕೊಂಡು ಹೇಳಿದರು.

“ಅದು ಇಂಗ್ಲೀಷರ ಸ್ವಂತ ಮಾತಲ್ಲಪಾ, ಎರವಲು. ಹಿಂದಕ ಪೋರ್ಚುಗೀಸರು ಆಫ್ರಿಕದ ಸಮುದ್ರದಂಡಿಗೆ ಯಾಪಾರಕ್ಕ ಹೋಗ್ತಿದ್ರು. ಅಲ್ಲಿ ನಾಯಕರ ಕೂಡ ಕುಂತು ಕೊಸರಾಡಿ ಕೊಸರಾಡಿ ಮಾತಾಡ್ತಿದ್ರು. ಆ ಮಾತುಕತಿಗೆ ತಮ್ಮ ಭಾಷ್ಯಾಗ ‘ಪಲಾವ್ರ’ ಅಂದ್ರು. ಅಂದ್ರ ಏನು? ಬರೇ ‘ಮಾತು’. ಅಷ್ಟ. ಇಂಗ್ಲೀಷ್ ಹಡಗಿನವರು ಅದನ್ನ ಎತ್ತಿಗೊಂಡು ಮೊದಲು ಪಂಚಾಯ್ತಿ ಅಂದ್ರು, ಆಮ್ಯಾಲೆ ಹರಟಿ ಅಂದ್ರು, ಕಡೀಕ ಗಲಾಟಿ ಅಂದ್ರು.”

“ಅಂದ್ರ ಬೇರಿನಾಗ ಮಾತು, ಗಿಡದಾಗ ಗಲಾಟಿ?”

“ನಮ್ಮ ರಾದ್ಧಾಂತ ಇನ್ನೂ ಚೆಂದ ಐತಿ. ಸಂಸ್ಕೃತದಾಗ ರಾದ್ಧಾಂತ ಅಂದ್ರ ಸಿದ್ಧಾಂತ. ವಾದ ಎಲ್ಲಾ ಮುಗಿದು ನಿಂತ ತೀರ್ಮಾನ. ನಮ್ಮ ಮಂದಿ ತೀರ್ಮಾನ ಮಾಡಾಕ ಕುಂತಾಗೆಲ್ಲ ಏನಾಗ್ತೈತಿ ಅಂತ ನೋಡಿ, ಆ ಮಾತಿನ ಅರ್ಥಾನ ತಿದ್ದಿಕೊಂಡಾರ.” ಮೇಷ್ಟ್ರು ಮತ್ತೊಂದು ಚಿಟಿಕೆ ನಶ್ಯ ತೆಗೆದರು. “ಮಾತಿನ ಹುಟ್ಟು ಕೇಳಿದಿ, ಹೇಳೀನಿ. ಅದಕ್ಕ ಔಷಧ ಮಾತ್ರ ಕೇಳಬ್ಯಾಡ.”

ಔಷಧವನ್ನು ಯಾರೂ ಹೇಳಬೇಕಾಗಿರಲಿಲ್ಲ. ಮನೆಗೆ ಬರುವ ದಾರಿಯಲ್ಲೇ ಮರಿಬಸಪ್ಪನಿಗೆ ಅದು ಹೊಳೆದುಬಿಟ್ಟಿತು. ಗಲಾಟೆಯ ಬೇರು ಮಾತು ತಾನೆ? ಬೇರನ್ನೇ ಕಿತ್ತರೆ? ಆದವಾನಿ ಪೇಟೆಯಲ್ಲಿ ಹತ್ತಿ ವ್ಯಾಪಾರ ಹೇಗೆ ನಡೆಯುತ್ತದೆ? ಹೆಗಲ ಮೇಲಿನ ವಲ್ಲಿಬಟ್ಟೆ ಮುಸುಕಿ, ಅದರ ಕೆಳಗೆ ಕೊಡುವವನೂ ಕೊಳ್ಳುವವನೂ ಕೈ ಹಿಡಿದು, ಬೆರಳು ಒತ್ತಿ ದರ ಹೇಳುತ್ತಾರೆ. ಸುತ್ತ ನಿಂತವರಿಗೆ ಗುಟ್ಟು ತಿಳಿಯದು, ಒಬ್ಬರ ಬಾಯಿಂದ ಒಂದು ಸೊಲ್ಲು ಬರದು. ಬರಕೂಡದು ಕೂಡ. ವಲ್ಲಿಯ ಕೆಳಗೆ ಕೈ ಇರುವಾಗ ಯಾವನು ಮೊದಲು ಬಾಯಿ ಬಿಡುತ್ತಾನೋ ಅವನು ಸೋತ ಹಾಗೆ; ಎದುರಿನವನು ಕೊನೆಗೆ ಒತ್ತಿದ ಅಂಕಿಯೇ ಖಾಯಂ. ಸಾವಿರಾರು ಮಣ ಹತ್ತಿ ಮಾತಿಲ್ಲದೆ ಕೈ ಬದಲಾಯಿಸುವ ಊರಿನಲ್ಲಿ ಒಂದು ಹುಡುಗಿಯ ಮದುವೆಗೆ ಇಷ್ಟು ಬಾಯಿ ಯಾಕೆ ಬೇಕು? ಇಂಗ್ಲೀಷರಿಗೆ ಇನ್ನೂರು ಮುನ್ನೂರು ವರ್ಷ ಹೊಳೆಯದ ಮದ್ದು ತನಗೆ ಒಂದು ಫರ್ಲಾಂಗಿನಲ್ಲಿ ಹೊಳೆಯಿತಲ್ಲ ಎಂದು ಮರಿಬಸಪ್ಪ ತನ್ನ ಬೆನ್ನು ತಾನೇ ತಟ್ಟಿಕೊಂಡ. ಹುಕುಂ ಹೊರಟದ್ದು ಮರುದಿನ ಬೆಳಿಗ್ಗೆ.

ತಮಾಷೆಯ ಹಿಂದೆ ಒಂದು ನಿಜವಾದ ನೋವೂ ಇತ್ತು. ಮೂರನೆಯ ಸಂಬಂಧ ಪೆದ್ದಹರಿವಾಣದ ಸೋಮಶೇಖರಪ್ಪನ ಮನೆಯದು. ಆ ಮನೆಯ ಹುಡುಗನನ್ನು ಪಂಪಮ್ಮ ಆಸ್ಪರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶದಲ್ಲಿ ನೋಡಿದ್ದಳು. ನೋಡಿ ಬಂದವಳು ಎರಡು ದಿನ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ಈ ಸಂಬಂಧದ ಸುದ್ದಿ ಬಂದಾಗ ಅಪ್ಪನ ಮುಂದೆ ನಿಂತು, ನೆಲ ನೋಡುತ್ತ, “ಅಪ್ಪಾ, ಈ ಸಲ ಯಾರೂ ಬಾಯಿ ಮಾಡಬ್ಯಾಡ್ರಿ” ಎಂದಿದ್ದಳು. ಅಷ್ಟೇ ಹೇಳಿದ್ದು. ಮರಿಬಸಪ್ಪನಿಗೆ ಆ ಮಾತು ಎದೆಯಲ್ಲಿ ಚುಚ್ಚಿಕೊಂಡು ಕೂತಿತ್ತು. ಇದೂ ಮುರಿದರೆ ಮಗಳು ಇನ್ನೊಂದು ಸಲ ಹಾಗೆ ನಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

“ಮಾತುಕತಿ ಎಲ್ಲಾ ವಲ್ಲಿ ಕೆಳಗ” ಎಂದು ಅವನು ಹೆಂಡತಿಗೆ ವಿವರಿಸಿದ.

“ನನ್ನ ಮಗಳೇನು ಹತ್ತಿ ಅಂಡಿಗೇನ್ರಿ?”

“ಹತ್ತಿಗೆ ಕೊಡೋ ಮರ್ಯಾದಿ ಮಗಳಿಗೆ ಕೊಡಾಕತ್ತೀನಿ ಅಂತ ತಿಳ್ಕ. ತಗೊ, ಕೈ ಕೊಡು. ಒಂದ್ಸಲ ಕಲಿಸ್ತೀನಿ.”

“ಬಾಗಲಾ ತೆರೆದೈತಿ. ಹಗಲೊತ್ತಿನಾಗ ಹೆಂಡ್ತಿ ಕೈ ಹಿಡೀತಾರಂತ. ಮಂದಿ ಏನಂದಾರು?”

“ಅದಕ್ಕಲ್ಲೇನು ಮ್ಯಾಲೆ ವಲ್ಲಿ ಐತಿ?”

ಗುರುಶಾಂತಮ್ಮ ಕೈ ಕೊಟ್ಟಳು. ಮರಿಬಸಪ್ಪ ಅವಳ ಎರಡು ಬೆರಳು ಒತ್ತಿ, “ಇದು ಎಲ್ಡು ನೂರು. ನಿನಗ ಸೇರದಿದ್ರ ನಿನ್ನ ಅಂಕಿ ನೀನು ಒತ್ತು” ಎಂದ. ಅವಳು ಮೆಣಸಿನಕಾಯಿಯ ಕೈಯಿಂದಲೇ ಅವನ ಅಂಗೈಯನ್ನು ಉಗುರಿನಿಂದ ಚಿವುಟಿದಳು. “ಇದು ಎಷ್ಟು?” ಎಂದು ಅವನು ಹಲ್ಲು ಕಚ್ಚಿ ಕೇಳಿದರೆ, “ಅದು ಅಂಕಿ ಅಲ್ಲ, ಅಭಿಪ್ರಾಯ” ಎಂದಳು.

ಕೊನೆಗೆ ಒಂದು ಕರಾರಾಯಿತು. ಬೀಗರು ಬಂದು, ಮಾತು ಕುದುರಿ, ವೀಳ್ಯ ಬದಲಾಗುವ ತನಕ ಗುರುಶಾಂತಮ್ಮ ತುಟಿ ಬಿಚ್ಚಬಾರದು. “ಹಾಂ ಹೂಂ ಸೈತ ಇಲ್ಲ” ಎಂದ ಗಂಡ. ಅವಳು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿದಳು.

“ಆಣೆ ಇಟ್ಟು ಹೇಳ್ತೀನಿ. ನೀವಾಗಿ ನೀವು ಬಾಯಿ ಬಿಡೋ ತನಕ ನಾ ಬಾಯಿ ಬಿಡಂಗಿಲ್ಲ. ಈ ಮನಿ ತೊಲಿ ಮುರಿದು ನಿಮ್ಮ ನೆತ್ತಿ ಮ್ಯಾಲೆ ಬೀಳಾಕ ಬಂದ್ರೂ ಸರಕೊಳ್ರಿ ಅನ್ನಂಗಿಲ್ಲ. ಸಾಕಾ?”

ಸಾಕೇ ಸಾಕು ಎಂದ ಮರಿಬಸಪ್ಪ. ಹೆಂಗಸರು ಆಣೆ ಇಟ್ಟರೆ ಅದರಲ್ಲಿ ಸಣ್ಣ ಅಕ್ಷರದಲ್ಲಿ ಏನೇನು ಇರುತ್ತದೆ ಎಂದು ಓದಿ ನೋಡುವ ವ್ಯವಧಾನ ಅವನಿಗಿರಲಿಲ್ಲ.

ಬೀಗರು ಸೋಮವಾರ ಬಂದರು. ಗಂಡಿನ ಅಪ್ಪ ಸೋಮಶೇಖರಪ್ಪ, ತಾಯಿ ಬಸವಕ್ಕ, ಇಬ್ಬರೇ. ಸೋಮಶೇಖರಪ್ಪ ಮಿತಮಾತಿನ ಮನುಷ್ಯ. ಎತ್ತಿನ ಸಂತೆಗಳಲ್ಲಿ ವಲ್ಲಿಯ ಕೆಳಗೆ ಬೆರಳು ಒತ್ತಿ ಒತ್ತಿ ಅವನ ಬೆರಳುಗಳು ಬದನೆಕಾಯಿಯಾಗಿದ್ದವು. ಮರಿಬಸಪ್ಪ ತನ್ನ ಯೋಜನೆ ಹೇಳಿದೊಡನೆ ಅವನ ಮುಖ ಅರಳಿತು.

“ಭೇಷ್. ನಮ್ಮ ಊರಾಗ ಮಾತುಕತಿ ಅಂದ್ರ ಮೂರು ದಿನ ಕಿವಿಯಾಗ ಗುಂಯ್ ಅಂತೈತಿ. ಹಿಡೀರಿ ಕೈ.”

ಅದಕ್ಕೂ ಮೊದಲು ಅವನು ಒಂದು ಮರ್ಯಾದೆಯ ಕೆಲಸ ಮಾಡಿದ. ತನ್ನ ತೋಟದ ಸೇವಂತಿಗೆಯಿಂದ ಕಟ್ಟಿಸಿ ತಂದಿದ್ದ ಮೊಳಕಾಲುದ್ದದ ಹಾರವನ್ನು ಮರಿಬಸಪ್ಪನ ಕೊರಳಿಗೆ ಹಾಕಿದ. ಮರಿಬಸಪ್ಪನೂ ಅವತ್ತು ಹೊಸ ರುಮಾಲು ಸುತ್ತಿ, ಹಣೆ ತೋಳು ಎದೆಗೆಲ್ಲ ಗಟ್ಟಿಯಾಗಿ ವಿಭೂತಿ ಬಳಿದುಕೊಂಡು, ಜರಿಯ ಶಾಲು ಹೊದ್ದಿದ್ದ. ಬಾಗಿಲಿಗೆದುರಾಗಿ, ಗೋಡೆಗೆ ಒರಗಿ, ಗದ್ದುಗೆಯಂತೆ ಮಡಿಸಿದ ಕಂಬಳಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಸೋಮಶೇಖರಪ್ಪ ಪಕ್ಕದಲ್ಲಿ ಕೂತ. ಶಾಲಿನ ಸೆರಗು ಇಬ್ಬರ ಕೈಗಳ ಮೇಲೆ ಬಿತ್ತು. ಬಸವಕ್ಕ ಹುಡುಗಿಯನ್ನು ಮಾತಾಡಿಸಲು ಒಳಕೋಣೆಗೆ ಹೋದಳು.

ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಎಂದು ಕೈ ಹಿಡಿಯುವ ಮುಂಚೆಯೇ ಗೊತ್ತು ಮಾಡಿಕೊಂಡಿದ್ದರು. ಮದುವೆ ಯಾರ ಮನೆಯಲ್ಲಿ? ಹೆಣ್ಣಿನ ಮನೆಯಲ್ಲಿ, ಒಂದು ಒತ್ತು, ಮುಗಿಯಿತು. ಎಷ್ಟು ದಿನ? ಎರಡು ಒತ್ತು, ಮುಗಿಯಿತು. ಹೋಳಿಗೆಗೆ ತುಪ್ಪವೋ ಹಾಲೋ ಎಂಬ, ಒಂದು ಸಂಬಂಧವನ್ನೇ ನುಂಗಿದ ಮಹಾಪ್ರಶ್ನೆ ಕೂಡ ಹೆಬ್ಬೆರಳ ಒಂದು ಸನ್ನೆಯಲ್ಲಿ ತೀರಿತು. ಮರಿಬಸಪ್ಪನ ಎದೆ ಉಬ್ಬಿತು. ಉಳಿದದ್ದು ಗಂಡಿನ ದಿಬ್ಬಣದಲ್ಲಿ ಎಷ್ಟು ಮಂದಿ ಬರಬೇಕೆಂಬುದೊಂದೇ. ಸೋಮಶೇಖರಪ್ಪ ಐದೂ ಬೆರಳು ಹಿಡಿದ: ಐನೂರು. ಮರಿಬಸಪ್ಪ ಒಂದು ಬೆರಳು ಹಿಡಿದ: ನೂರು. ಮತ್ತೆ ಐದು. ಮತ್ತೆ ಒಂದು. ಇಲ್ಲಿ ಬಂಡಿ ನಿಂತಿತು.

ವ್ಯಾಪಾರ ಬಿಗಿಯಾದಾಗ ಮರಿಬಸಪ್ಪನದೊಂದು ಅಭ್ಯಾಸವಿತ್ತು. ದರ ಕಣ್ಣಿನಲ್ಲಿ ಕಾಣುತ್ತದೆಂದು ಅವನು ಕಣ್ಣು ಮುಚ್ಚಿ, ಮುಖದ ಒಂದು ನರವೂ ಅಲುಗದಂತೆ ಕಲ್ಲಾಗಿ ಕೂತುಬಿಡುತ್ತಿದ್ದ. ಈಗಲೂ ಹಾಗೆಯೇ ಕೂತ. ಸೋಮಶೇಖರಪ್ಪ ಐನೂರರ ಚಿಂತೆಯಲ್ಲಿ ತಲೆ ತಗ್ಗಿಸಿದ.

ಮೊಸರಿನ ಹುಸೇನಮ್ಮ ಬಂದದ್ದು ಆ ಹೊತ್ತಿಗೆ.

ಲಿಂಗವಂತರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಧರಿಸಿ, ರುಮಾಲು ಸುತ್ತಿ, ಹಾರ ಹಾಕಿ, ಬಾಗಿಲಿಗೆ ಕಾಣುವಂತೆ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬಂದವರು ಹತ್ತಿರ ಕೂತು ತಲೆ ತಗ್ಗಿಸುತ್ತಾರೆ. ಈ ಓಣಿಯಲ್ಲಿ ಮೂವತ್ತು ವರ್ಷ ಮೊಸರು ಮಾರಿದ ಹುಸೇನಮ್ಮನಿಗೆ ಇದನ್ನು ಹೊಸದಾಗಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನಾ ಚೌಕಾಶಿಯಿಂದ ಗದ್ದಲವಾಗುವ ಮನೆ ಇವತ್ತು ತಣ್ಣಗಿದೆ. ಗೋಡೆಗೆ ಒರಗಿ ಕೂತ ಸಾವುಕಾರರು; ವಿಭೂತಿ, ಹಾರ, ಮುಚ್ಚಿದ ಕಣ್ಣು. ಅಡುಗೆಮನೆಯ ಬಾಗಿಲಲ್ಲಿ ಗುರುಶಾಂತಮ್ಮ, ಮಾತು ಜಾರದಿರಲೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಾಳೆ. ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಕಣ್ಣಲ್ಲಿ ಧಾರಾಕಾರ ನೀರು.

“ಅಮ್ಮಾ, ಏಮಾಯೆ? ಏನಾತಮ್ಮಾ?” ಎಂದಳು ಹುಸೇನಮ್ಮ ನಡುಗುತ್ತ.

ಗುರುಶಾಂತಮ್ಮ ಏನೂ ಇಲ್ಲವೆಂದು ತಲೆಯಾಡಿಸಿ ಗಂಡನ ಕಡೆ ಕೈ ತೋರಿಸಿದಳು. ಅಲ್ಲಿ ಕೇಳು ಎಂಬುದು ಅವಳ ಅರ್ಥ. ಇನ್ನಿಲ್ಲ ಎಂಬುದು ಹುಸೇನಮ್ಮನಿಗೆ ಆದ ಅರ್ಥ. ಮೊಸರಿನ ಗಡಿಗೆಯನ್ನು ಅಲ್ಲೇ ಇಟ್ಟು ಅವಳು ಓಣಿಗೆ ಬಿದ್ದಳು. “ಅಯ್ಯೋ ದೇವುಡಾ, ಬಸಪ್ಪ ಸಾವುಕಾರ್ರು ಪೊಯಿನಾರು! ಕುಂತಂಗ ಹೋಗ್ಯಾರ್ರೆಪ್ಪೋ!”

ಸುದ್ದಿಗೆ ಕಾಲು ನಾಲ್ಕು. ಮೊದಲು ಓಣಿಯ ಹೆಂಗಸರು ಬಂದರು. ಅವರು ನೇರ ಅಡುಗೆಮನೆಗೆ ನುಗ್ಗಿ ಗುರುಶಾಂತಮ್ಮನನ್ನು ತಬ್ಬಿಕೊಂಡು ಅಳತೊಡಗಿದರು. ಅವಳು ಅಲ್ಲ ಅಲ್ಲ ಎಂದು ಕೈ ಬೀಸಿದಷ್ಟೂ ಅಳು ಏರಿತು. ನೆರೆಮನೆಯ ಮುದುಕಿಯೊಬ್ಬಳು ಶಾಸ್ತ್ರ ತಪ್ಪಬಾರದೆಂದು ಅವಳ ಬಳೆಗೆ ಕೈ ಹಾಕಿದಳು. ಗುರುಶಾಂತಮ್ಮ ಕೈ ಕಿತ್ತುಕೊಂಡು ಕಾದ ಸೌಟು ಎತ್ತಿದಳು. ದುಃಖಕ್ಕೆ ಪಾಪ ಬುದ್ಧಿ ಭ್ರಮಣೆಯಾಗಿದೆ ಎಂದು ಮುದುಕಿ ಹಿಂದೆ ಸರಿದಳು.

ಆಮೇಲೆ ಪೇಟೆ ಬಂತು. ಆದವಾನಿಯಲ್ಲಿ ವ್ಯಾಪಾರಸ್ಥ ತೀರಿಕೊಂಡನೆಂದರೆ ಅವತ್ತು ಪೇಟೆಯ ತಕ್ಕಡಿ ಕಟ್ಟಿಬಿಡುವುದು ಪದ್ಧತಿ. ತಟ್ಟೆಗಳನ್ನು ಹಗ್ಗದಿಂದ ಬಿಗಿದ ಮೇಲೆ ಸೂರ್ಯ ಮುಳುಗಿ ಹುಟ್ಟುವ ತನಕ ಯಾರೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಸುಗ್ಗಿಯ ನಡುವಿನ ಸೋಮವಾರ, ಹತ್ತಿಬಂಡಿಗಳು ಸಾಲುಗಟ್ಟಿ ನಿಂತಿದ್ದವು. ತಕ್ಕಡಿ ಕಟ್ಟಿತು. ವ್ಯಾಪಾರಸ್ಥರು, ಹಮಾಲರು, ಬಂಡಿಯವರು ಎಲ್ಲರೂ ಮರಿಬಸಪ್ಪನ ಪಡಸಾಲೆಗೆ ಬಂದು ಮೂಗು ಒರೆಸುತ್ತ ನಿಂತರು. ಮಠದ ಅಯ್ಯನವರು ಗಂಟೆ ಬಾರಿಸುತ್ತ ಒಳಗೆ ಬಂದರು.

ಮರಿಬಸಪ್ಪ ಎಲ್ಲವನ್ನೂ ಕೇಳುತ್ತಿದ್ದ. ಕಣ್ಣು ಕೂದಲೆಳೆಯಷ್ಟು ತೆರೆದು ನೋಡಿ, ಮತ್ತೆ ಮುಚ್ಚಿದ. ಬಾಯಿ ಬಿಟ್ಟರೆ ಐನೂರು ಖಾಯಂ. ಅನ್ನದ ಕೊಪ್ಪರಿಗೆ, ಹೋಳಿಗೆಯ ರಾಶಿ, ತುಪ್ಪದ ಡಬ್ಬಿಗಳು ಮುಚ್ಚಿದ ಕಣ್ಣೊಳಗೆ ಮೆರವಣಿಗೆ ಹೊರಟವು. ಬೆರಳನ್ನು ಇನ್ನಷ್ಟು ಬಿಗಿದು ಒತ್ತಿದ: ನೂರು. ಸೋಮಶೇಖರಪ್ಪನೂ ಏನು ಕಡಿಮೆಯವನಲ್ಲ. ಮೊದಲು ಗಾಬರಿಯಾದ, ಆಮೇಲೆ, ಈ ಗದ್ದಲಕ್ಕೆ ಬೀಗ ಬಾಯಿ ಬಿಟ್ಟೇ ಬಿಡುತ್ತಾನೆಂದು ಲೆಕ್ಕ ಹಾಕಿ, ತಾನೂ ತುಟಿ ಹೊಲಿದುಕೊಂಡು ಐದು ಬೆರಳು ಹಿಡಿದೇ ಕೂತ.

“ನೋಡ್ರೀ, ಪಾಪ, ಸತ್ತ ಬೀಗನ ಕೈ ಬಿಡವಲ್ಲ” ಎಂದು ಒಬ್ಬ ಹಮಾಲ ಅತ್ತ. “ಬೀಗತನ ಅಂದ್ರ ಹಿಂಗಿರಬೇಕು.”

ಅಯ್ಯನವರು ಮರಿಬಸಪ್ಪನ ಹಣೆಯ ಮೇಲೆ ಇನ್ನೊಂದು ಹಿಡಿ ವಿಭೂತಿ ಬಳಿದರು. ಸೀನು ಬಂತು, ನುಂಗಿಕೊಂಡ. ಹೆಣದ ನೆತ್ತಿಯ ಮೇಲೆ ಅಯ್ಯನವರು ಪಾದ ಇಟ್ಟು ಹರಸುವುದು ವಾಡಿಕೆ. ಅವರು ಪಾದ ಎತ್ತುವುದಕ್ಕೆ ಗೋಡೆಯ ಆಸರೆ ಹಿಡಿದರು. ಹೇಗೂ ಜಂಗಮರ ಪಾದ, ಬದುಕಿದ್ದಾಗ ಬಿದ್ದರೆ ಪುಣ್ಯ ಇಮ್ಮಡಿಯಾದೀತು ಎಂದು ಮರಿಬಸಪ್ಪ ಅದಕ್ಕೂ ಗಟ್ಟಿಯಾದ.

ಅಷ್ಟರಲ್ಲಿ ಎದುರಂಗಡಿಯ ಭೀಮಲಿಂಗಪ್ಪ ಮುಂದೆ ಬಂದ. ಹತ್ತು ವರ್ಷದಿಂದ ಮರಿಬಸಪ್ಪನ ಮುಖ ನೋಡದ ಹಗೆಗಾರ. ಅವನು ಗದ್ಗದ ಕಂಠದಲ್ಲಿ ಸತ್ತವನ ಗುಣಗಾನ ಶುರುಮಾಡಿದ.

“ಇಂಥಾ ಮನಿಷಾ ಈ ಪ್ಯಾಟ್ಯಾಗ ಇನ್ನ ಹುಟ್ಟಂಗಿಲ್ಲ. ಕೊಟ್ಟ ಮಾತಿಗೆ ತಪ್ಪಿದವನಲ್ಲ. ಬಡವರು ಬಂದ್ರ ಬರಿಗೈಲೆ ಕಳಿಸಿದವನಲ್ಲ. ನಾನಽ ಸಣ್ಣವ, ಆತನ ಕೂಡ ಜಗಳ ಕಾಯ್ದೆ.”

ಮರಿಬಸಪ್ಪನ ಮನಸ್ಸು ಬೆಣ್ಣೆಯಾಯಿತು. ತಾನು ಇಷ್ಟು ಒಳ್ಳೆಯವನೆಂದು ಅವನಿಗೇ ಗೊತ್ತಿರಲಿಲ್ಲ. ಇಷ್ಟು ಕೇಳುವುದಕ್ಕೆ ಸತ್ತರೂ ಅಡ್ಡಿಯಿಲ್ಲ, ಇನ್ನು ಸ್ವಲ್ಪ ಹೊತ್ತು ಹೀಗೆಯೇ ಸತ್ತಿರೋಣ ಎನ್ನಿಸಿತು.

“ಹತ್ತಿಗೆ ನೀರು ಚಿಮುಕಿಸಿ ತೂಕ ಏರಿಸೋದೊಂದು ಚಟ ಇತ್ತು ನೋಡ್ರಿ” ಎಂದು ಭೀಮಲಿಂಗಪ್ಪ ಕಣ್ಣೊರೆಸಿದ. “ಅದೊಂದು ಬಿಟ್ರ, ದ್ಯಾವರಂಥಾ ಮನಿಷಾ.”

ಹೆಣ ಕಣ್ಣು ಬಿಟ್ಟಿತು.

“ಯಾವನಲೇ ನೀರು ಹೊಡದವನು? ನಿನ್ನ ಅಂಗಡಿ ಹಿಂದಿನ ನೀರಿನ ಹೌದು ತೋರಿಸ್ಲೇನು ಮಂದಿಗೆ?”

ಒಂದು ಕಾಲಿನ ಮೇಲೆ ನಿಂತಿದ್ದ ಅಯ್ಯನವರು ಆಯ ತಪ್ಪಿ ಭೀಮಲಿಂಗಪ್ಪನ ಮೇಲೆ ಬಿದ್ದರು. ಭೀಮಲಿಂಗಪ್ಪ ಹಮಾಲರ ಮೇಲೆ ಬಿದ್ದ. ಅಳುತ್ತ ಬಂದ ಜನ ಅರಚುತ್ತ ಓಡಿದರು. ಓಣಿಯಲ್ಲಿ ಬೆದರಿದ ಹತ್ತಿಬಂಡಿಯ ಎತ್ತುಗಳು ಕೊರಳ ಹಗ್ಗ ಹರಿದುಕೊಂಡವು. ಹುಸೇನಮ್ಮ ತನ್ನ ಮೊಸರಿನ ಗಡಿಗೆಯ ಮೇಲೆಯೇ ಕುಸಿದು ಕೂತಳು. ಈ ಪ್ರಳಯದ ನಡುವೆ ಸೋಮಶೇಖರಪ್ಪ ಶಾಲು ಕಿತ್ತೆಸೆದು ಎದ್ದು ನಿಂತ.

“ಬಾಯಿ ಬಿಟ್ರಿ. ಐನೂರು ಖಾಯಂ.”

ಐನೂರರ ಪೆಟ್ಟು ಮರಿಬಸಪ್ಪನಿಗೆ ಬಿತ್ತು. ಆದರೆ ದೊಡ್ಡ ಪೆಟ್ಟು ಇನ್ನೂ ಬರಬೇಕಿತ್ತು. ಅಳುವನ್ನು ನೆರೆಮನೆಯದೆಂದೂ ಗಂಟೆಯ ಸದ್ದನ್ನು ಪೂಜೆಯದೆಂದೂ ತಿಳಿದು ಒಳಕೋಣೆಯಲ್ಲಿ ಕದ ಮುಚ್ಚಿ ಕೂತಿದ್ದ ಬಸವಕ್ಕ ಹೊರಗೆ ಬಂದು, ಸಂಗತಿ ಕೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಬಂಡಿ ಕಟ್ಟಿಸ್ರಿ” ಎಂದಳು ಗಂಡನಿಗೆ. “ಹೆಣ್ಣು ಕೇಳಾಕ ಬಂದ ದಿನ ಸಾವಿನ ಗಂಟಿ ಬಡದೈತಿ. ಸೂತಕದ ಮನಿಯಿಂದ ನಾ ಸೊಸಿ ತರಂಗಿಲ್ಲ. ಐನೂರೂ ಬ್ಯಾಡ, ನೂರೂ ಬ್ಯಾಡ.”

ಅವಳ ಬೆನ್ನ ಹಿಂದೆ ಬಾಗಿಲಲ್ಲಿ ಪಂಪಮ್ಮ ನಿಂತಿದ್ದಳು. ಅಳಲಿಲ್ಲ. ಅಪ್ಪನನ್ನು ಒಮ್ಮೆ ನೋಡಿ, ತಲೆಗೆ ಮುಡಿದಿದ್ದ ಹೂವನ್ನು ಮೆಲ್ಲಗೆ ಬಿಚ್ಚತೊಡಗಿದಳು. ಮರಿಬಸಪ್ಪ ಎದ್ದು ನಿಂತ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಒಂದು ಮಾತೂ ಬರಲಿಲ್ಲ. ತಾನು ಕಿತ್ತೊಗೆದ ಬೇರು ಈಗ ಒಂದಿಷ್ಟು ಬೇಕಾಗಿತ್ತು. ಅವನು ದಿಕ್ಕುಗೆಟ್ಟು ಅಡುಗೆಮನೆಯ ಕಡೆ ನೋಡಿದ.

ಗುರುಶಾಂತಮ್ಮ ಬಾಯಿಂದ ಸೆರಗು ತೆಗೆದಳು. ಸೌಟು ಕೈಯಲ್ಲೇ ಇತ್ತು.

“ನೀವು ಬಾಯಿ ಬಿಟ್ರಿ, ನನ್ನ ಆಣಿ ತೀರಿತು” ಎಂದಳು ಗಂಡನಿಗೆ. ಆಮೇಲೆ ಬಸವಕ್ಕನ ದಾರಿಗೆ ಅಡ್ಡ ಬಂದು ನಿಂತಳು. “ಅಕ್ಕಾರೆ, ಯಾರು ಸತ್ತಾರ ಅಂತ ಸೂತಕ? ಯಮ ನಮ್ಮ ಹೊಸ್ತಿಲ ತನಕ ಬಂದು, ಇಲ್ಲಿ ಕೆಲಸಿಲ್ಲ ಅಂತ ಹೊಳ್ಳಿ ಹೋಗ್ಯಾನ. ಇಡೀ ಪ್ಯಾಟಿ ಬಂದು ಅತ್ತೈತಿ, ನನ್ನ ಕುಂಕುಮ ಇದ್ದಲ್ಲೇ ಐತಿ. ನಿಮ್ಮ ಸೊಸಿ ತವರು ಇಷ್ಟು ಗಟ್ಟಿ ಅಂತ ಬ್ಯಾರೆ ಯಾವ ಮನ್ಯಾಗ ತೋರಿಸ್ತಾರ? ಇನ್ನ ಗಂಟಿ ಮಾತು. ಆ ಹಾರ ಇವರ ಕೊರಳಿಗೆ ಹಾಕಿದವರು ಯಾರು? ನಮ್ಮ ಹಿತ್ತಲದಾಗ ಸೇವಂತಿಗಿ ಬೆಳಿಯಂಗಿಲ್ಲ. ನೀವು ಹಾರ ಹಾಕಿ ಹೆಣ ಮಾಡಿ ಕುಂದರಿಸಿ, ಗಂಟಿ ಬಡೀತು ಅಂತ ನಮ್ಮನ್ನ ಕೇಳಿದ್ರ ಹೆಂಗ?”

ಬಸವಕ್ಕ ಗಂಡನನ್ನು ನೋಡಿದಳು. ಗಂಡ ಹಾರವನ್ನು ನೋಡಿದ.

“ಅದೇನೋ ಆತು” ಎಂದ ಅವನು. “ಐನೂರು ಮಾತ್ರ ವಲ್ಲಿ ಕೆಳಗ ಖಾಯಂ ಆಗೈತಿ.”

“ಹೆಂಗ ಆಗೈತಿ?” ಗುರುಶಾಂತಮ್ಮ ಅವನ ಕಡೆ ತಿರುಗಿದಳು. “ಪ್ಯಾಟಿ ತಕ್ಕಡಿ ಕಟ್ಟೈತೋ ಇಲ್ಲೋ? ತಕ್ಕಡಿ ಕಟ್ಟಿದ ಮ್ಯಾಲೆ ಮಾಡಿದ ಯಾಪಾರ ಯಾವ ಊರಾಗ ನಡೀತೈತ್ರಿ? ಭೀಮಲಿಂಗಪ್ಪಣ್ಣಾ, ನೀನ ಹೇಳು.”

ಅಯ್ಯನವರ ಕೆಳಗಿನಿಂದ ಆಗತಾನೇ ಎದ್ದಿದ್ದ ಭೀಮಲಿಂಗಪ್ಪ ರುಮಾಲು ಹುಡುಕುತ್ತಿದ್ದ. ನೀರಿನ ಹೌದಿನ ಮಾತು ಮುಂದುವರಿಯದಿದ್ದರೆ ಸಾಕಾಗಿತ್ತು ಅವನಿಗೆ. “ಆಕಿ ಹೇಳೋದು ಖರೆ ಐತ್ರಿ. ತಕ್ಕಡಿ ಕಟ್ಟಿದ ಮ್ಯಾಲೆ ಆದ ಯಾಪಾರ ಆಗದಂಗ” ಎಂದ.

ಆಮೇಲೆ ನಡೆದದ್ದನ್ನು ಓಣಿಯ ಜನ ಬಹಳ ಕಾಲ ನೆನೆದರು. ಓಡಿದವರೆಲ್ಲ ಮೆಲ್ಲ ಮೆಲ್ಲನೆ ತಿರುಗಿ ಬಂದು ಕಟ್ಟೆಯ ಮೇಲೆ ಕೂತರು. ಗುರುಶಾಂತಮ್ಮನೂ ಬಸವಕ್ಕನೂ ಎದುರುಬದುರಾಗಿ ಕೂತು, ಮುಸುಕಿಲ್ಲದೆ, ಮುಚ್ಚುಮರೆಯಿಲ್ಲದೆ, ಬೀದಿಯ ಆ ತುದಿಗೆ ಕೇಳುವಂತೆ ಮಾತಾಡಿದರು. ಬಸವಕ್ಕ ಒಮ್ಮೆ ಬಂಡಿಯ ತನಕ ಹೋಗಿ ಬಂದಳು. ಗುರುಶಾಂತಮ್ಮ ಒಮ್ಮೆ ಬಾಗಿಲು ಹಾಕಿ ತೆಗೆದಳು. ಹೋಳಿಗೆಯ ತುಪ್ಪ ಹಾಲುಗಳ ಕಥೆ ಮೊದಲಿಂದ ತೆರೆಯಿತು. ನಡುವೆ ಇಬ್ಬರ ಅಜ್ಜಿಯರೂ ನಂದವರ ಊರಿನವರೆಂದು ತಿಳಿದು ಇಬ್ಬರೂ ಸ್ವಲ್ಪ ಹೊತ್ತು ಅತ್ತರು. ಹೊತ್ತಿಳಿಯುವ ವೇಳೆಗೆ ದಿಬ್ಬಣ ಇನ್ನೂರೈವತ್ತಕ್ಕೆ ನಿಂತಿತು, ಬಡಿಸುವುದು ಹಾಲೂ ತುಪ್ಪವೂ ಎರಡೂ ಎಂದಾಯಿತು. ಪಂಪಮ್ಮ ಬಿಚ್ಚಿದ್ದ ಹೂವನ್ನು ಬಸವಕ್ಕನೇ ಎತ್ತಿ ಮತ್ತೆ ಮುಡಿಸಿದಳು. ಮರಿಬಸಪ್ಪ ಇದನ್ನೆಲ್ಲ ಮೂಲೆಯಲ್ಲಿ ನಿಂತು ನೋಡಿ, ಮೂಗು ಒರೆಸುವ ನೆವದಲ್ಲಿ ಕಣ್ಣು ಒರೆಸಿಕೊಂಡ.

ವೀಳ್ಯ ಕೈಯಲ್ಲಿ ಹಿಡಿದು ಬಸವಕ್ಕ ಒಂದು ನಿಮಿಷ ತಡೆದಳು.

“ಒಂದು ಕರಾರು ಐತಿ. ಮದುವಿ ಮುಗಿಯೋ ತನಕ ಈ ಬೀಗರು ಗ್ವಾಡಿಗೆ ಒರಗಿ ಕುಂದರಬಾರದು. ಕಣ್ಣು ಮುಚ್ಚಬಾರದು. ಮುಖ್ಯ, ಬಾಯಿ ಮುಚ್ಚಬಾರದು. ದೂರದಿಂದ ಬರೋ ನಮ್ಮ ಮಂದಿಗೆ ಜೀವಂತ ಅದಾರ ಅಂತ ಗೊತ್ತಾಗಬೇಕು.”

ಕರಾರಿಗೆ ಮರಿಬಸಪ್ಪ ಮರುಮಾತಿಲ್ಲದೆ ಒಪ್ಪಿದ. ಮದುವೆಯ ಎರಡು ದಿನವೂ ಚಪ್ಪರದ ಬಾಗಿಲಲ್ಲಿ ನಿಂತೇ ಇದ್ದ. ಮಳೆ, ಬೆಳೆ, ಹತ್ತಿಯ ಧಾರಣೆ, ಎತ್ತಿನ ಸುಳಿ, ಹೀಗೆ ಬಾಯಿಗೆ ಬಂದದ್ದನ್ನೆಲ್ಲ ಬಂದವರಿಗೆಲ್ಲ ಹೇಳಿದ. ಎರಡನೆಯ ಮಧ್ಯಾಹ್ನ, ಅಕ್ಕಿಕಾಳು ಬಿದ್ದು ಪಂಪಮ್ಮ ಗಂಡನ ಪಕ್ಕದಲ್ಲಿ ತಲೆ ತಗ್ಗಿಸಿ ನಗುತ್ತಿದ್ದಾಗ, ಅವನು ಆ ಕಡೆ ತಿರುಗಿದ. ಚಪ್ಪರದ ಕಂಬಕ್ಕೆ ಸ್ವಲ್ಪವೇ ಸ್ವಲ್ಪ ಆತುಕೊಂಡು, ಮಗಳನ್ನು ನೋಡುತ್ತ ಸುಮ್ಮನಾದ.

ಅಡುಗೆ ಒಲೆಯ ಕಡೆಯಿಂದ ಗುರುಶಾಂತಮ್ಮನ ದನಿ ಇಡೀ ಚಪ್ಪರಕ್ಕೆ ಕೇಳಿಸಿತು.

“ರೀ, ಮಾತಾಡ್ರಿ. ಅಯ್ಯನೋರು ಗಂಟಿ ಹುಡುಕಾಕತ್ಯಾರ.”